ಅಪ್ಪ ಕೊಟ್ಟ ಉತ್ತರಗಳು

ಶ್ರೀರಂಗಪಟ್ಟಣದ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ, ಬಳೆ ಅಂಗಡಿಯೊಂದರ ಮಹಡಿಯ ಮೇಲೆ, ನಾನು ಪಾಠ ಹೇಳಿಕೊಡುತ್ತಿದ್ದ ಕಂಪ್ಯೂಟರ್ ಸೆಂಟರ್ ಇತ್ತು. ಅದಕ್ಕೂ ಮೊದಲು ಅಲ್ಲಿ ಟೈಪ್‌ರೈಟಿಂಗ್ ಶಾಲೆ ನಡೆಯುತ್ತಿತ್ತಂತೆ. ಯಜಮಾನರು ಗಂಜಾಂ ಕಡೆಯ ಮುಸ್ಲಿಮರು, ನಾವೆಲ್ಲ ಅವರನ್ನು ಸಾಹೇಬರು ಎನ್ನುತ್ತಿದ್ದೆವು. ಅವರ ಅಣ್ಣತಮ್ಮಂದಿರು ಲಾರಿ ಓಡಿಸಿದರೆ ಇವರೊಬ್ಬರು ಮಾತ್ರ ಟೈಪ್ ಮಿಷಿನ್ನುಗಳನ್ನು ಮಾರಿ ಕಂಪ್ಯೂಟರ್ ತಂದಿದ್ದರು. ನಾನು ಬಿ.ಕಾಂ. ಮುಗಿಸಿ, ಮೈಸೂರಿನಲ್ಲಿ ಒಂದು ಡಿಪ್ಲೊಮಾ ಮಾಡಿಕೊಂಡು ಅಲ್ಲಿಗೆ ಸೇರಿದ್ದೆ. ಹುಡುಗಿಯರ ಬ್ಯಾಚುಗಳೆಲ್ಲ ನನ್ನವು. ತೊಂಬತ್ತರ ದಶಕದ ಕೊನೆಯ ಚುನಾವಣೆ ಬಂದದ್ದು ಆಗಲೇ.

ನಮ್ಮೂರು ಇರುವುದು ಒಂದು ಕಾಲುವೆಯ ಕೊನೆಯಲ್ಲಿ. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ, ಈ ನಾಲ್ಕರಲ್ಲಿ ಯಾವ ತಾಲ್ಲೂಕಿನದೆಂದು ಬರೆಯುವುದಿಲ್ಲ. ಅಪ್ಪ ಈಗ ಇಲ್ಲ. ಅವರನ್ನು ಇನ್ನೊಮ್ಮೆ ಜನರ ಬಾಯಿಗೆ ಹಾಕುವುದು ನನಗೆ ಬೇಕಿಲ್ಲ. ಅಪ್ಪ ಕಬ್ಬು, ಭತ್ತ ಬೆಳೆಯುತ್ತಿದ್ದರು, ಹಾಲಿನ ಡೇರಿಯಲ್ಲಿ ನಿರ್ದೇಶಕರಾಗಿದ್ದರು. ಅದಕ್ಕಿಂತ ಹೆಚ್ಚಾಗಿ ಅವರು ಒಬ್ಬ ನಾಯಕರ ಕಡೆಯವರು. ಪಾರ್ಟಿ ಎನ್ನುವುದಕ್ಕಿಂತ ಕಡೆ ಎನ್ನುವುದೇ ಸರಿ. ಆ ನಾಯಕರು ಪಾರ್ಟಿ ಬದಲಿಸಿದಾಗ ಅಪ್ಪನೂ ಬದಲಿಸಿದ್ದರು, ಅವರು ವಾಪಸು ಬಂದಾಗ ಅಪ್ಪನೂ ಬಂದಿದ್ದರು. ಚುನಾವಣೆಯ ದಿನ ನಮ್ಮೂರ ಬೂತಿನಲ್ಲಿ ಅವರ ಏಜೆಂಟಾಗಿ ಕೂರುವುದು ಅಪ್ಪನೇ. ಅವತ್ತು ಇಸ್ತ್ರಿ ಮಾಡಿದ ಬಿಳಿ ಷರಟು ಹಾಕಿಕೊಂಡು, ತಿಂಡಿಯನ್ನೂ ತಿನ್ನದೆ, ಮದುವೆಗೆ ಹೊರಟವರಂತೆ ಹೊರಡುತ್ತಿದ್ದರು.

ನಾನು ಕೆಲಸಕ್ಕೆ ಸೇರಿದ್ದು ಅಪ್ಪನಿಗೆ ಹೆಮ್ಮೆ. ಬಸ್ಸಿನಲ್ಲಿ ಪಕ್ಕದಲ್ಲಿ ಯಾರೇ ಕೂತರೂ ಮಾತು ನನ್ನ ಕಡೆಗೆ ತಿರುಗುತ್ತಿತ್ತು. "ನಮ್ ಮಗ ಕಂಪೂಟ್ರು ಏಳ್ಕೊಡ್ತಾಳೆ, ಪಟ್ಣದಲ್ಲಿ," ಎನ್ನುತ್ತಿದ್ದರು. ಮಗಳನ್ನು ಮಗ ಎಂದು ಕರೆಯುವುದು ನಮ್ಮ ಕಡೆ ಮುದ್ದಿನ ಮಾತು. ಕೇಳಿ ನನಗೆ ಸಂಕೋಚವಾಗುತ್ತಿತ್ತು, ಇಷ್ಟವೂ ಆಗುತ್ತಿತ್ತು.

ಆ ಚುನಾವಣೆಗೆ ಕೆಲವು ವಾರಗಳಿರುವಾಗ ಮೈಸೂರಿನ ಒಂದು ಇಂಜಿನಿಯರಿಂಗ್ ಕಾಲೇಜಿನ ಇಬ್ಬರು ಹುಡುಗರು ಸಾಹೇಬರನ್ನು ಹುಡುಕಿಕೊಂಡು ಬಂದರು. ಇಂಟರ್ನೆಟ್ಟಿನಲ್ಲಿ ಒಂದು ಪುಟ ಮಾಡಿದ್ದರು. ನಾಲ್ಕು ತಾಲ್ಲೂಕುಗಳ ಅಭ್ಯರ್ಥಿಗಳ ಮನೆಮನೆಗೆ ಹೋಗಿ, ಎಲ್ಲರಿಗೂ ಒಂದೇ ಪ್ರಶ್ನೆಗಳನ್ನು ಕೇಳಿ, ಅವರ ಉತ್ತರಗಳನ್ನು ಆ ಪುಟಕ್ಕೆ ತುಂಬಿದ್ದರು. ಈಗ ಮತದಾರರು ಕೂತು ಅವೇ ಪ್ರಶ್ನೆಗಳಿಗೆ ಉತ್ತರಿಸಿದರೆ, ಯಾರ ಅಭಿಪ್ರಾಯ ಯಾವ ಅಭ್ಯರ್ಥಿಗೆ ಹತ್ತಿರ ಎಂದು ಕಂಪ್ಯೂಟರ್ ತೋರಿಸುತ್ತದೆ. ನಮ್ಮ ಕಡೆ ಮನೆಯಲ್ಲಿ ಕಂಪ್ಯೂಟರ್ ಇಟ್ಟುಕೊಂಡವರು ಯಾರಿದ್ದರು? ಅದಕ್ಕೇ ಅವರು ಸೆಂಟರಿಗೆ ಬಂದದ್ದು. ಜನ ನೋಡಲಿ, ಹೆಸರಾಗುತ್ತದೆ, ಹೊಸ ಬ್ಯಾಚಿಗೆ ಮಕ್ಕಳು ಸೇರುತ್ತಾರೆ ಎಂದು ಸಾಹೇಬರು ಒಪ್ಪಿದರು.

ಇಂಟರ್ನೆಟ್ ಬರುತ್ತಿದ್ದದ್ದು ಫೋನಿನ ತಂತಿಯಲ್ಲಿ. ಕಿರುಗುಟ್ಟಿ ಕಿರುಗುಟ್ಟಿ ಕೊನೆಗೊಮ್ಮೆ ಮೈಸೂರಿಗೆ ಸೇರಿಕೊಳ್ಳುತ್ತಿತ್ತು. ಒಂದು ಸಲ ಪುಟ ಪೂರ್ತಿ ಇಳಿದರೆ ಮತ್ತೆ ಫೋನು ಕಡಿದರೂ ತೊಂದರೆಯಿರಲಿಲ್ಲ, ಲೆಕ್ಕವನ್ನೆಲ್ಲ ಆ ಪುಟವೇ ಮಾಡಿಕೊಳ್ಳುತ್ತಿತ್ತು. ಕೊಟ್ಟ ಉತ್ತರಗಳು ಮಾತ್ರ ಎಲ್ಲೂ ಉಳಿಯುತ್ತಿರಲಿಲ್ಲ. ಪುಟ ಇಂಗ್ಲಿಷಿನಲ್ಲಿತ್ತು. ಹಾಗಾಗಿ ಪ್ರಶ್ನೆಯನ್ನು ಕನ್ನಡದಲ್ಲಿ ಓದಿ ಹೇಳಿ, ಜನ ಹೇಳಿದ ಉತ್ತರಕ್ಕೆ ತಕ್ಕ ಗುಂಡಿಯನ್ನು ಒತ್ತುವುದು ನನ್ನ ಕೆಲಸವಾಯಿತು. ಒಪ್ಪುತ್ತೇನೆ, ಒಪ್ಪುವುದಿಲ್ಲ, ಹೇಳಲಾರೆ. ಮೂರರಲ್ಲಿ ಒಂದು.

ಮೊದಲ ಕೆಲವು ದಿನ ಅದೊಂದು ತಮಾಷೆಯಂತೆಯೇ ನಡೆಯಿತು. ಬಾಬುರಾಯನಕೊಪ್ಪಲಿನಿಂದ ಬರುತ್ತಿದ್ದ ಹಾಲಿನವನೊಬ್ಬ ಎಲ್ಲದಕ್ಕೂ "ಏಳಕಾಗಕಿಲ್ಲ ಕಣಕ್ಕ" ಎಂದು ಹೇಳಿ, ಕೊನೆಗೆ ಕಂಪ್ಯೂಟರ್ ಯಾರನ್ನೂ ತೋರಿಸದಿದ್ದಾಗ, "ಸರಿಯಾಗೇ ಏಳ್ತು" ಎಂದು ಎದ್ದುಹೋದ. ಆಟೋದವರು ಬಂದರು, ಲಾಯರ ಗುಮಾಸ್ತರು ಬಂದರು. ತಾಲ್ಲೂಕು ಕಚೇರಿಗೆ ಕೆಲಸಕ್ಕೆಂದು ಬಂದ ಹಳ್ಳಿಯವರು ಮೆಟ್ಟಿಲಲ್ಲಿ ನಿಂತು ಇಣುಕುತ್ತಿದ್ದರು. ಕಂಪ್ಯೂಟರ್ ಇಟ್ಟ ಕೋಣೆಗೆ ಬಾಗಿಲು ಇರಲಿಲ್ಲ. ಒಬ್ಬರ ಉತ್ತರ ಎಲ್ಲರಿಗೂ ಕೇಳಿಸುತ್ತಿತ್ತು. ಅದರಲ್ಲೇನೂ ತಪ್ಪಿದೆಯೆಂದು ಯಾರಿಗೂ ಅನಿಸಲಿಲ್ಲ.

ಅಪ್ಪ ಬಂದದ್ದು ಒಂದು ಮಧ್ಯಾಹ್ನ, ನಾಲ್ಕೈದು ಜನರ ಜೊತೆ. ಅವರಲ್ಲಿ ಮುಖ್ಯರು ಬೆಲ್ಲದ ಮಂಡಿ ಇಟ್ಟುಕೊಂಡಿದ್ದ ಯಜಮಾನರು. ನಮ್ಮ ಹೋಬಳಿಯಲ್ಲಿ ನಾಯಕರ ಕೆಲಸವನ್ನೆಲ್ಲ ನೋಡಿಕೊಳ್ಳುತ್ತಿದ್ದವರು ಅವರೇ. ಮಗಳು ಕೂತು ಎಲ್ಲರ ಓಟು ಹೇಳುತ್ತಾಳೆ, ಬನ್ನಿ ತೋರಿಸುತ್ತೇನೆ ಎಂದು ಅಪ್ಪನೇ ಅವರನ್ನು ಕರೆತಂದಿದ್ದರು. ಅದೇ ಹೊತ್ತಿಗೆ ಮೆಟ್ಟಿಲ ಬಳಿ ಅಪ್ಪನ ದಾಯಾದಿಯೊಬ್ಬರು ನಿಂತಿದ್ದರು. ವರಸೆಯಲ್ಲಿ ನನಗೆ ದೊಡ್ಡಪ್ಪ. ಅವರು ಎದುರು ಕಡೆಯವರು. ಒಂದೇ ಬೀದಿಯಲ್ಲಿದ್ದರೂ ಚುನಾವಣೆ ಬಂತೆಂದರೆ ಇಬ್ಬರೂ ಮುಖ ಕೊಟ್ಟು ಮಾತಾಡುತ್ತಿರಲಿಲ್ಲ.

ಅಪ್ಪ ನನ್ನ ಪಕ್ಕದ ಕುರ್ಚಿಯಲ್ಲಿ ಕೂತು ಎರಡೂ ಕೈಗಳನ್ನು ತೊಡೆಯ ಮೇಲೆ ಇಟ್ಟುಕೊಂಡರು. "ಕೇಳವ್ವ," ಎಂದರು.

ಬೇರೆಯವರನ್ನು ಕೇಳುವಂತೆಯೇ ಬಹುವಚನದಲ್ಲಿ ಶುರುಮಾಡಿದೆ. "ಕಾಲುವೆಗೆ ನೀರು ಬಿಟ್ಟಾಗ ಮೊದಲು ಕೊನೆಭಾಗದ ಜಮೀನಿಗೆ ಸಿಗಬೇಕು. ಒಪ್ತೀರಾ?"

ಹಿಂದಿನಿಂದ ಯಾರೋ ನಕ್ಕರು, ಮಗಳು ಅಪ್ಪನಿಗೆ ಬಹುವಚನ ಕೊಟ್ಟದ್ದಕ್ಕೆ. ನಾನೂ ನಕ್ಕು, "ಒಪ್ತೀಯಾ ಅಪ್ಪ?" ಎಂದೆ.

"ಇದ್ನೂ ಕೇಳ್ಬೇಕಾ? ಒಪ್ತೀನಿ. ಮೇಲ್ಗಡೆಯವ್ರು ಎರಡ್ ಬೆಳೆ ತಕ್ಕಂಡ್ರೂ ನಮ್ ಗದ್ದೆ ಇನ್ನೂ ಒಣಗ್ಕಂಡೇ ಇರ್ತದೆ."

ಮಂಡಿ ಯಜಮಾನರ ಗದ್ದೆಗಳು ಕಾಲುವೆಯ ಮೇಲ್ಭಾಗದಲ್ಲಿದ್ದವು. ನಾನು ಗುಂಡಿ ಒತ್ತಿದೆ.

ಹಳ್ಳಿಗಳಲ್ಲಿ ಸಾರಾಯಿ ಅಂಗಡಿಗಳನ್ನು ಮುಚ್ಚಬೇಕೆ ಎಂಬುದು ಮುಂದಿನ ಪ್ರಶ್ನೆ. ಅಪ್ಪ ಮೆಲ್ಲಗೆ, ನನಗೊಬ್ಬಳಿಗೇ ಹೇಳುವಂತೆ, "ಮುಚ್ಚಿದ್ದಿದ್ರೆ ನಿಮ್ ಚಿಕ್ಕಪ್ಪ ಇವತ್ತು ಬದ್ಕಿರೋನು," ಎಂದರು. ಅದಕ್ಕೂ ಒತ್ತಿದೆ. ಸಕ್ಕರೆ ಕಾರ್ಖಾನೆಯದು, ಶಾಲೆಯದು, ಆಸ್ಪತ್ರೆಯದು, ಹೀಗೆ ಒಂದೊಂದೇ ಪ್ರಶ್ನೆ ಮುಗಿಯುತ್ತಿತ್ತು. ಮನೆಯಲ್ಲಿ ಊಟಕ್ಕೆ ಕೂತಾಗ ಆಡುವ ಮಾತನ್ನೇ ಅವರು ಆಡುತ್ತಿದ್ದರು. ಸುತ್ತ ಜನ ಇದ್ದಾರೆಂಬುದು ಮರೆತಂತಿತ್ತು. ನಾನು ಅವರನ್ನು ಅಷ್ಟು ನೇರವಾಗಿ, ಒಂದಾದ ಮೇಲೊಂದರಂತೆ ಏನನ್ನಾದರೂ ಕೇಳಿದ್ದು ಅದೇ ಮೊದಲು. ಅಪ್ಪನೂ ಅದುವರೆಗೆ ಯಾರಿಗೂ ಹಾಗೆ ಉತ್ತರ ಹೇಳಿರಲಿಕ್ಕಿಲ್ಲ.

ಹೆಣ್ಣುಮಕ್ಕಳಿಗೂ ಜಮೀನಿನಲ್ಲಿ ಗಂಡುಮಕ್ಕಳಷ್ಟೇ ಪಾಲು ಸಿಗುವಂತೆ ಸರ್ಕಾರ ನೋಡಿಕೊಳ್ಳಬೇಕು ಎಂಬ ಪ್ರಶ್ನೆ ಬಂದಾಗ ನಾನು ತಡೆದೆ. ಅದನ್ನು ಓದುವುದೋ ಬೇಡವೋ ಗೊತ್ತಾಗಲಿಲ್ಲ. ನನಗೆ ಒಬ್ಬ ತಮ್ಮನಿದ್ದಾನೆ. ನಮ್ಮ ಮನೆಯಲ್ಲಿ ಆ ಮಾತು ಎಂದೂ ಬಂದಿರಲಿಲ್ಲ. "ಯಾಕೆ ನಿಲ್ಸ್‌ಬುಟ್ಟೆ?" ಎಂದು ಅಪ್ಪ ಕೇಳಿದ್ದಕ್ಕೆ ಓದಿದೆ. ಹಿಂದೆ ಗುಸುಗುಸು ಎದ್ದಿತು. ಅಪ್ಪ ಪರದೆಯನ್ನು ಬಿಟ್ಟು ನನ್ನ ಮುಖವನ್ನು ನೋಡಿದರು.

"ಒಪ್ತೀನಿ ಅಂತ ಒತ್ತು," ಎಂದರು.

ಒತ್ತಿದೆ.

ಕೊನೆಯ ಪ್ರಶ್ನೆಯಾದ ಮೇಲೆ ಪರದೆಯಲ್ಲಿ ನಮ್ಮ ಕ್ಷೇತ್ರದ ಅಭ್ಯರ್ಥಿಗಳ ಹೆಸರು, ಪ್ರತಿ ಹೆಸರಿನ ಮುಂದೆ ಒಂದೊಂದು ಬಣ್ಣದ ಪಟ್ಟಿ. ಯಾರದು ಉದ್ದವೋ ಅವರು ಹತ್ತಿರದವರು. ಅಪ್ಪನಿಗೆ ಇಂಗ್ಲಿಷ್ ಓದಲು ಬಾರದು. ಅವರು ಉದ್ದದ ಪಟ್ಟಿಯ ಮೇಲೆ ಬೆರಳಿಟ್ಟು ನಗುತ್ತಾ, "ನಮ್ಮೋರೇ ಅಲ್ವಾ?" ಎಂದರು. ಅದು ಎದುರು ಕಡೆಯವರ ಹೆಸರು. ನಮ್ಮವರ ಪಟ್ಟಿ, ಯಾರಿಗೂ ಗೊತ್ತಿಲ್ಲದ ಒಬ್ಬ ಪಕ್ಷೇತರನ ಪಟ್ಟಿಗಿಂತ ಗಿಡ್ಡವಾಗಿ ಕೆಳಗೆಲ್ಲೋ ಇತ್ತು.

ಓದಿ ಹೇಳಿದವರು ಲಾಯರ ಗುಮಾಸ್ತರು, ಗಟ್ಟಿಯಾಗಿ. ಆಮೇಲೆ ಮೆಟ್ಟಿಲ ಕಡೆಯಿಂದ ದೊಡ್ಡಪ್ಪನ ದನಿ ಬಂತು. "ಬಾಪ್ಪ ಬಾ. ಇಷ್ಟ್ ವರ್ಸ ಆದ್ಮೇಲೆ ನಮ್ ಕಡೀಕೇ ಬಂದ್ಬುಟ್ಟೆಯಲ್ಲ. ಕಂಪೂಟ್ರು ಕೈ ಇಡ್ಕಂಡು ಕರ್ಕಬಂದದೆ."

ಎಲ್ಲರೂ ನಕ್ಕರು. ಅಪ್ಪನ ಜೊತೆ ಬಂದವರೂ ನಕ್ಕರು. ಮಂಡಿ ಯಜಮಾನರೊಬ್ಬರು ಮಾತ್ರ ನಗದೆ ಅಪ್ಪನನ್ನೇ ನೋಡುತ್ತಿದ್ದರು.

"ಇನ್ನೊಂದ್ಸಲ ಕೇಳು," ಎಂದರು ಅಪ್ಪ. ಪುಟವನ್ನು ಮೊದಲಿಗೆ ತಂದು ಕಾಲುವೆಯ ಪ್ರಶ್ನೆಯನ್ನು ಮತ್ತೆ ಓದಿದೆ. ಈ ಸಲ ಅವರು ನಮ್ಮ ನಾಯಕರು ಹೇಳಿರಬಹುದಾದ ಉತ್ತರವನ್ನು ಹೇಳಬೇಕೆಂದಿದ್ದರು, ಅದು ನನಗೆ ಅರ್ಥವಾಯಿತು. ಬಾಯಿ ತೆರೆದವರು ನಿಲ್ಲಿಸಿದರು. ತಿರುಗಿ ಮಂಡಿ ಯಜಮಾನರನ್ನು ಕೇಳಿದರು, "ಇದಕ್ಕೆ ನಮ್ಮೋರು ಏನಂತಾರೆ?"

ಯಜಮಾನರಿಗೂ ಗೊತ್ತಿರಲಿಲ್ಲ. ಜೊತೆಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಇಷ್ಟು ವರ್ಷ ಜೊತೆಯಲ್ಲಿ ಓಡಾಡಿದ ಮನುಷ್ಯ ನೀರಿನ ಬಗ್ಗೆ ಏನೆನ್ನುತ್ತಾರೆಂದು ಅಲ್ಲಿದ್ದ ಯಾರಿಗೂ ತಿಳಿದಿರಲಿಲ್ಲ. ಅಪ್ಪ ಎದ್ದುನಿಂತು, ಪಂಚೆ ಸರಿಮಾಡಿಕೊಂಡು, "ಬುಡು, ಇದೆಲ್ಲ ಎಳೆಮಕ್ಳ ಆಟ," ಎಂದು ಮೆಟ್ಟಿಲಿಳಿದರು. ದೊಡ್ಡಪ್ಪ ಅವರಿಗೆ ದಾರಿ ಬಿಟ್ಟು ನಿಂತ ರೀತಿ, ಗೌರವದಿಂದ ಬಿಟ್ಟಂತೆ ನಟಿಸಿ ಬಿಟ್ಟ ಆ ದಾರಿ, ಇವತ್ತಿಗೂ ನನ್ನ ಕಣ್ಣ ಮುಂದಿದೆ.

ಮಾತು ನಮ್ಮೂರಿಗೆ ಅಪ್ಪನಿಗಿಂತ ಮೊದಲೇ ಮುಟ್ಟಿತ್ತು. ವಾರ ಕಳೆಯುವಷ್ಟರಲ್ಲಿ ತಾಲ್ಲೂಕನ್ನೂ ದಾಟಿತು. ನಾಗಮಂಗಲದಲ್ಲಿ ಅವ್ವನ ಕಡೆಯ ಒಂದು ಮದುವೆಯಿತ್ತು. ಊಟದ ಪಂಕ್ತಿಯಲ್ಲಿ ಬಡಿಸುವವನು ಅಪ್ಪನ ಎಲೆಯ ಮುಂದೆ ನಿಂತು, "ಏನ್ ಬಡಿಸ್ಲಿ ಅಂತ ಕಂಪೂಟ್ರು ಕೇಳ್ಕೊಂಡ್ ಬರ್ಲಾ?" ಎಂದ. ಸುತ್ತಲಿನವರು ಅನ್ನ ಕಲೆಸುತ್ತಲೇ ನಕ್ಕರು. ಅಪ್ಪನೂ ನಗಲು ನೋಡಿದರು. ಪಾಯಸ ಬರುವ ಮೊದಲೇ ಎದ್ದು ಕೈ ತೊಳೆದುಕೊಂಡರು. ಕೆ.ಆರ್. ಪೇಟೆ ಕಡೆಯಿಂದ ನನಗೆ ಒಂದು ಸಂಬಂಧ ಬಂದಿತ್ತು. ಅವರೂ ನಮ್ಮ ನಾಯಕರ ಕಡೆಯವರೇ. ಚುನಾವಣೆ ಮುಗಿಯಲಿ, ಆಮೇಲೆ ನೋಡೋಣ ಎಂದು ಹೇಳಿ ಕಳಿಸಿದರು. ಮುಂದೆ ಅವರು ಬರಲೇ ಇಲ್ಲ. ಬೂತಿಗೆ ಈ ಸಲ ಬೇರೆಯವರನ್ನು ಕೂರಿಸುತ್ತಾರಂತೆ ಎಂಬ ಸುದ್ದಿಯೂ ಬಂತು. ಅಪ್ಪ ಡೇರಿಗೆ ಹೋಗುವುದನ್ನು ಬಿಟ್ಟರು. ಹಾಲನ್ನು ತಮ್ಮ ಹಾಕಿಬರುತ್ತಿದ್ದ.

ನಾಚಿಕೆ ನನ್ನದೋ ಅಪ್ಪನದೋ ಎಂದು ಆಗ ಬೇರೆಮಾಡಿ ನೋಡಲು ನನಗೆ ಆಗುತ್ತಿರಲಿಲ್ಲ. ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಕೂರುತ್ತಿದ್ದೆ. ಪಾಂಡವಪುರದಲ್ಲಿ ಬಸ್ಸು ಹತ್ತುವವರು ನನ್ನನ್ನು ನೋಡಿ ಪಿಸುಗುಟ್ಟಿದರೆ, ಅವರು ಸೊಸೆಯ ಬಗ್ಗೆ ಮಾತಾಡುತ್ತಿದ್ದರೂ, ನನಗದು ನಮ್ಮ ಮಾತಾಗಿಯೇ ಕೇಳುತ್ತಿತ್ತು.

ಒಂದು ದಿನ ಮಂಡಿ ಯಜಮಾನರು ನಮ್ಮ ಮನೆಗೇ ಬಂದರು. ಜಗಲಿಯಲ್ಲಿ ಕೂತರು. ನಾನು ಕಾಫಿ ತಂದುಕೊಟ್ಟು ಬಾಗಿಲ ಬಳಿ ನಿಂತೆ. ಅವ್ವ ಒಳಗೆ ರಾಗಿ ಕೇರುತ್ತಿದ್ದಳು.

"ನೋಡು, ನಿನ್ ಮ್ಯಾಲೆ ನಂಗೇನೂ ಅನ್ಮಾನ ಇಲ್ಲ," ಎಂದರು ಯಜಮಾನರು. "ಆದ್ರೆ ಜನ ಆಡ್ಕತಾವ್ರೆ. ನಮ್ಮೋರ ಕಿವಿಗೂ ಬಿದ್ದದೆ. ನಾಡಿದ್ದು ಸ್ಕೂಲ್ ಮೈದಾನದಲ್ಲಿ ಸಭೆ ಅದೆ. ನೀನು ಮೈಕ್ ತಕ್ಕಂಡು ಒಂದ್ ಮಾತು ಅಂದ್ಬುಡು. ಮಗ ಒತ್ತೋವಾಗ ತಪ್ಪಾಗ್ಬುಟ್ಟದೆ ಅಂತ. ಮುಗೀತು."

ಅಪ್ಪ ಲೋಟವನ್ನು ಕೆಳಗಿಟ್ಟರು. "ಮಗಳ್ ಮ್ಯಾಲೆ ಆಕು ಅಂತೀರಾ?"

"ಆಕೋದೇನ್ ಬಂತು? ಚಿಕ್ ಉಡ್ಗಿ. ತಪ್ ಮಾಡುದ್ಲು ಅಂದ್ರೆ ಯಾರೂ ಬೇಜಾರ್ ಮಾಡ್ಕಳಕಿಲ್ಲ. ನೀನೇ ಅಂಗಂದೆ ಅಂದ್ರೆ ಮಾತ್ರ ತಡ್ಕಳಕಾಗಕಿಲ್ಲ."

ಅಪ್ಪ ನನ್ನ ಕಡೆ ನೋಡಿದರು. ಆ ಕೆಲವು ದಿನಗಳಲ್ಲಿ ಅವರ ಮುಖ ಇಳಿದುಹೋಗಿತ್ತು. ಒಂದು ಮಾತಿನಿಂದ ಅದೆಲ್ಲ ಸರಿಹೋಗುವುದಾದರೆ ಹೋಗಲಿ ಎಂದುಕೊಂಡೆ. "ಅಂಗೇ ಅಂದ್ಬುಡಪ್ಪ, ನಂಗೇನೂ ಇಲ್ಲ," ಎಂದೆ. ಒಳಗೆ ಅವ್ವ ಮೊರದಲ್ಲಿ ರಾಗಿ ಕೇರುವ ಸದ್ದು ನಿಂತಿತು. ಯಜಮಾನರು, "ನೋಡಿದ್ಯಾ, ಬುದ್ವಂತೆ," ಎಂದು ಎದ್ದರು.

ಸಭೆಗೆ ಹೆಂಗಸರನ್ನೆಲ್ಲ ಟ್ರಾಕ್ಟರಿನಲ್ಲಿ ಕರೆದೊಯ್ದರು. ಹೋಗದಿದ್ದರೆ ಅದಕ್ಕೂ ಮಾತು ಬರುತ್ತದೆಂದು ಅವ್ವ ನನ್ನನ್ನೂ ಹತ್ತಿಸಿದಳು. ಟ್ರಾಕ್ಟರನ್ನು ಮೈದಾನದ ಬದಿಯಲ್ಲಿ ನಿಲ್ಲಿಸಿದ್ದರು, ನಾವು ಟ್ರೈಲರಿನ ಮೇಲೆಯೇ ಕೂತು ನೋಡುತ್ತಿದ್ದೆವು. ನಾಯಕರು ಇನ್ನೂ ಬಂದಿರಲಿಲ್ಲ. ಅವರು ಬರುವವರೆಗೆ ಊರೂರಿನವರು ಮಾತಾಡುತ್ತಿದ್ದರು. ಅಪ್ಪನ ಹೆಸರು ಕರೆದಾಗ ಜನರಲ್ಲಿ ಒಂದು ನಗೆ ಹಬ್ಬಿತು. ಬಿಳಿ ಷರಟು ಹಾಕಿಕೊಂಡು ಅಪ್ಪ ಮೈಕಿನ ಮುಂದೆ ನಿಂತರು.

"ನಾನು ಎಲ್ಲೂ ಓಗಿಲ್ಲ," ಎಂದರು. "ಇಲ್ಲೇ ಇವ್ನಿ. ನನ್ ಮಗಳು ಒತ್ತೋವಾಗ ತಪ್ಪಾಯ್ತು, ಅಷ್ಟೇ."

ಚಪ್ಪಾಳೆ ಬಿತ್ತು. ಅಲ್ಲಿಗೆ ಇಳಿದುಬಂದಿದ್ದರೆ ಆಗಿತ್ತು. ಯಾರೋ ಕೆಳಗಿನಿಂದ, "ಏನ್ ಒತ್ತಿದ್ಲಣ್ಣ?" ಎಂದು ಕೂಗಿದರು. ಅಪ್ಪನ ಮುಖದಲ್ಲಿ ವಾರಗಳ ಮೇಲೆ ಒಂದು ನಗೆ ಕಂಡಿತು. ಜನ ತಮ್ಮನ್ನು ನೋಡಿ ನಗುತ್ತಿಲ್ಲ, ತಮ್ಮ ಜೊತೆ ನಗುತ್ತಿದ್ದಾರೆ ಎಂದು ಅವರಿಗೆ ಅನಿಸಿರಬೇಕು.

"ಇನ್ನೇನ್ ಒತ್ತಾಳು?" ಎಂದರು. "ಅಪ್ಪನ್ ಜಮೀನಲ್ಲಿ ಪಾಲ್ ಬೇಕು ಅಂತ ಒತ್ಕಂಡವ್ಳೆ. ನಾನು ಬ್ಯಾಡ ಅಂದ್ರೆ ಬೇಕು ಅಂತ ಒತ್ತವ್ಳೆ. ಎಣ್ಮಕ್ಳ ಕೈಗೆ ಮಿಷಿನ್ ಕೊಟ್ರೆ ಇನ್ನೇನಾದಾತು?"

ಮೈದಾನವೇ ನಕ್ಕಿತು. ವೇದಿಕೆಯ ಮೇಲೆ ಮಂಡಿ ಯಜಮಾನರು ಅಪ್ಪನ ಬೆನ್ನು ತಟ್ಟಿದರು. ಟ್ರೈಲರಿನ ಮೇಲಿದ್ದ ಹೆಂಗಸರೆಲ್ಲ ತಿರುಗಿ ನನ್ನನ್ನು ನೋಡಿದರು. ಒಬ್ಬಳು ಮುದುಕಿ, ಕೆಟ್ಟ ಮನಸ್ಸಿನಿಂದಲ್ಲ, ನನ್ನ ಗದ್ದ ಹಿಡಿದು, "ಅಂಗೆಲ್ಲ ಆಸೆ ಪಡಬಾರ್ದು ಕಣವ್ವ, ತಮ್ಮ ಇಲ್ವಾ ನಿಂಗೆ," ಎಂದಳು. ನಾನು ತಲೆ ತಗ್ಗಿಸಿ ಸೀರೆಯ ಸೆರಗಿನ ನೂಲನ್ನು ಕೀಳುತ್ತಾ ಕೂತೆ. ಟ್ರಾಕ್ಟರಿನಿಂದ ಇಳಿದು ಓಡಿಹೋಗಬಹುದಿತ್ತು. ಹಾಗೆ ಓಡಿದರೆ ಎಲ್ಲರಿಗೂ ಕಾಣುತ್ತದಲ್ಲ ಎಂದು ಕೂತೇ ಇದ್ದೆ. ನಾಯಕರು ಬಂದು, ಮಾತಾಡಿ, ಹೋಗುವವರೆಗೂ ಅಲ್ಲೇ ಇದ್ದೆವು. ಅವರು ಏನು ಮಾತಾಡಿದರೋ ನನಗೆ ಒಂದು ಅಕ್ಷರವೂ ನೆನಪಿಲ್ಲ.

ಮನೆಗೆ ಬಂದ ಮೇಲೆ ಅವ್ವ ಅಪ್ಪನ ತಟ್ಟೆಗೆ ಮುದ್ದೆ ಇಟ್ಟು, ಸಾರು ಬಿಟ್ಟು, ಎದುರಿಗೆ ಕೂರದೆ ನಿಂತಳು. "ತಪ್ಪಾಯ್ತು ಅನ್ನು ಅಂದ್ರು, ಅಂದೆ. ಪಾಲಿನ್ ಮಾತು ಯಾರ್ ಆಡು ಅಂದ್ರು?" ಎಂದು ಕೇಳಿದಳು. ಅಪ್ಪ ತಟ್ಟೆಯನ್ನೇ ನೋಡುತ್ತಿದ್ದರು. "ಬಾಯಿಗ್ ಬಂದ್ಬುಡ್ತು," ಎಂದರು.

ಆ ಮಾತು ಸೆಂಟರಿಗೂ ಬಂತು. ಸರಿಯಾಗಿ ಒತ್ತಲು ಬಾರದವಳು ಏನು ಕಲಿಸುತ್ತಾಳೆಂದು ಒಬ್ಬರು ಮಗಳನ್ನು ಬಿಡಿಸಿಕೊಂಡು ಹೋದರು. ಆಗಿನಿಂದ ನನಗೊಂದು ವಿಚಿತ್ರ ಅನುಮಾನ ಹಿಡಿಯಿತು. ನಾನು ನಿಜವಾಗಿಯೂ ತಪ್ಪು ಒತ್ತಿದ್ದೆನೇನೋ. ಪಾಠ ಹೇಳುವಾಗ ನನ್ನ ಬೆರಳುಗಳನ್ನು ನಾನೇ ನೋಡಿಕೊಳ್ಳುತ್ತಿದ್ದೆ. ಮೈಸೂರಿನ ಹುಡುಗರು ಇನ್ನೊಮ್ಮೆ ಬಂದಾಗ, ಆ ದಿನದ ಉತ್ತರಗಳು ಎಲ್ಲಾದರೂ ಇವೆಯೇ ಎಂದು ಕೇಳಿದೆ. ಇಲ್ಲ ಎಂದರು. ಪುಟವನ್ನು ನನ್ನ ಮುಂದೆಯೇ ಪರೀಕ್ಷಿಸಿ, ಲೆಕ್ಕ ಸರಿಯಾಗಿಯೇ ಇದೆ ಎಂದರು. ಅವರ ಪಾಡಿಗೆ ಅವರಿಗೆ ಖುಷಿ. ತಮ್ಮ ಪುಟದ ಬಗ್ಗೆ ಸಭೆಯಲ್ಲಿ ಮಾತಾಡಿದರಂತೆ ಎಂದು ಹಿಗ್ಗಿದ್ದರು.

ಅವರು ಹೋದ ಮೇಲೆ ಸಾಹೇಬರು ನನ್ನನ್ನು ಕರೆದರು. "ಬೇಟಿ, ನಾನು ಹಿಂದೇನೇ ನಿಂತಿದ್ದೆ. ಅವರು ಹೇಳಿದ್ದು ಏನೋ ನೀನು ಒತ್ತಿದ್ದೂ ಅದೇ. ಸುಮ್ನೆ ತಲೆ ಕೆಡಿಸ್ಕೋಬೇಡ."

"ಅದನ್ನ ಯಾರಿಗಾದರೂ ಹೇಳಬಹುದಿತ್ತಲ್ಲ ಸರ್?"

"ಹೇಳಬಹುದಿತ್ತು. ನಾನು ಹೇಳಿದ್ರೆ ಅದು ಇನ್ನೊಂದು ಮಾತಾಗ್ತದೆ. ಇಲ್ಲಿ ನನ್ನ ಅಂಗಡಿ ಇದೆ, ಮಕ್ಕಳಿದ್ದಾರೆ. ನಿಮ್ಮ ನಿಮ್ಮಲ್ಲಿ ಆಗಿರೋದು." ಹೇಳುತ್ತಾ ಅವರ ದನಿಯೂ ತಗ್ಗಿತು. ಆ ದಿನವೇ ಅವರು ಪ್ರಶ್ನೆಗಳ ಆಟವನ್ನು ನಿಲ್ಲಿಸಿದರು.

ಬೂತಿನಲ್ಲಿ ಅಪ್ಪನೇ ಕೂತರು. ನಾನು ಓಟು ಹಾಕಲು ಹೋದಾಗ ಅಧಿಕಾರಿ ಓದಿದ ನನ್ನ ಹೆಸರಿಗೆ ಹೌದೆಂದು ತಲೆಯಾಡಿಸಿದ್ದು ಇನ್ನೊಂದು ಕಡೆಯ ಏಜೆಂಟು. ಅಪ್ಪ ತಮ್ಮ ಕೈಯಲ್ಲಿದ್ದ ಪೆನ್ಸಿಲನ್ನೇ ನೋಡುತ್ತಿದ್ದರು. ನಮ್ಮವರು ಗೆದ್ದರು. ಮೆರವಣಿಗೆ ನಮ್ಮೂರಿಗೆ ಬಂದಾಗ ಅಪ್ಪನನ್ನೂ ಜೀಪಿಗೆ ಹತ್ತಿಸಿದ್ದರು. ಕುತ್ತಿಗೆಯಲ್ಲಿ ಹಾರವಿತ್ತು, ತಲೆಯ ಮೇಲೆ ಬಣ್ಣದ ಪುಡಿಯಿತ್ತು. ನಮ್ಮ ಬೀದಿ ಬರುವ ಮೊದಲೇ ಅವರು ಇಳಿದುಕೊಂಡು ಹಿತ್ತಲ ದಾರಿಯಿಂದ ಮನೆಗೆ ಬಂದರು.

ಬೇಕಾದದ್ದೆಲ್ಲ ಅವರಿಗೆ ವಾಪಸು ಸಿಕ್ಕಿತು. ಡೇರಿಗೆ ಮತ್ತೆ ಹೋಗತೊಡಗಿದರು. ನನ್ನ ಜೊತೆ ಮಾತ್ರ ಮಾತು ನಿಂತಿತು. ಸಿಟ್ಟಿನಿಂದಲ್ಲ. "ಅವ್ಳ್ನ ಉಣ್ಣಾಕ್ ಕರಿ," "ಅವ್ಳ್ಗೆ ಬಸ್ಸಿನ್ ಟೈಮಾಯ್ತು ಅನ್ನು," ಎಂದು ಅವ್ವನಿಗೆ ಹೇಳುತ್ತಿದ್ದರು, ನಾನು ಎದುರಿಗೇ ಇರುವಾಗ. ಬಸ್ಸಿನಲ್ಲಿ ಜೊತೆಗೆ ಬರಬೇಕಾದರೆ ಗಂಡಸರ ಕಡೆ ಹಿಂದಿನ ಸೀಟಿಗೆ ಹೋಗಿ ಕೂರುತ್ತಿದ್ದರು. ನನ್ನ ಕೆಲಸದ ಬಗ್ಗೆ ಯಾರೊಂದಿಗೂ ಹೇಳುವುದನ್ನು ಬಿಟ್ಟಿದ್ದರು.

ಬೇಸಿಗೆ ಬಂತು. ಒಂದು ಬೆಳಿಗ್ಗೆ ಹೊಸ ಬ್ಯಾಚಿನ ಹುಡುಗಿಯರಿಗೆ ಫೈಲ್ ಸೇವ್ ಮಾಡುವುದನ್ನು ತೋರಿಸುತ್ತಿದ್ದೆ. ಮೆಟ್ಟಿಲಲ್ಲಿ ಕೆಮ್ಮಿದ ಸದ್ದಾಯಿತು. ಅಪ್ಪ. ಮನೆಯಲ್ಲಿ ಏನೋ ಆಗಿದೆಯೆಂದುಕೊಂಡೆ. ಸಾಹೇಬರು ಕುರ್ಚಿ ಕೊಟ್ಟರು. ಅಪ್ಪ ಕೂರಲಿಲ್ಲ. ಹುಡುಗಿಯರು ಕೂತಿದ್ದ ಕಡೆಗೆ ತಿರುಗಿ ಕೈಕಟ್ಟಿ ನಿಂತರು.

"ನೀವೆಲ್ಲ ಇಲ್ಲಿ ಕಲ್ಯೋರು," ಎಂದರು. "ಅದಕ್ಕೇ ನಿಮ್ಗೆ ಏಳೋಣ ಅಂತ ಬಂದೆ. ಅವತ್ತು ಓಟಿನ್ ಟೈಮಲ್ಲಿ ಇವ್ಳು ತಪ್ ಒತ್ಲಿಲ್ಲ. ಎಲ್ಲಾ ನಾನೇ ಅಂದದ್ದು. ಆಮೇಕೆ ಮೈಕಲ್ಲಿ ಇವ್ಳ್ ಮ್ಯಾಲೆ ಆಕ್ದೆ. ಅದು ಸುಳ್ಳು."

ಹುಡುಗಿಯರು ಒಬ್ಬರನ್ನೊಬ್ಬರು ನೋಡಿಕೊಂಡರು. ಅವರಲ್ಲಿ ಒಬ್ಬಳಿಗೂ ಅಪ್ಪ ಏನು ಹೇಳುತ್ತಿದ್ದಾರೆಂದು ಗೊತ್ತಿರಲಿಲ್ಲ. ಎಲ್ಲರೂ ಚುನಾವಣೆ ಮುಗಿದು ಎಷ್ಟೋ ಕಾಲದ ಮೇಲೆ ಸೇರಿದವರು. ಒಬ್ಬಳು ಎದ್ದುನಿಂತು, ದೊಡ್ಡವರು ಏನೋ ಹೇಳಿದರೆಂಬ ಮರ್ಯಾದೆಗೆ, "ಆಯ್ತು ಸರ್," ಎಂದಳು.

ಅಪ್ಪ ತಲೆಯಾಡಿಸಿದರು. ಬೆವರಿದ್ದರು. ಸಾಹೇಬರು ಇನ್ನೊಂದು ಕಡೆಗೆ ಮುಖ ಮಾಡಿ ಫೋನಿನ ತಂತಿಯನ್ನು ಸರಿಪಡಿಸುವವರಂತೆ ಬಗ್ಗಿದರು. ನನಗೆ ಸಂತೋಷವಾಗಬೇಕಿತ್ತು. ಭೂಮಿ ಬಾಯಿಬಿಡಬಾರದೇ ಅನಿಸಿತು. ಮೈದಾನದಲ್ಲಿ ನನ್ನನ್ನು ನೋಡಿ ನಕ್ಕಾಗ ಆದ ನಾಚಿಕೆಗಿಂತ, ನನ್ನ ಅಪ್ಪ ಈ ಎಳೆಯ ಹುಡುಗಿಯರ ಮುಂದೆ ಕೈಕಟ್ಟಿ ನಿಂತದ್ದಕ್ಕೆ ಆದ ನಾಚಿಕೆ ದೊಡ್ಡದಾಗಿತ್ತು. ಸುಳ್ಳನ್ನು ಕೇಳಿದವರು ಇಡೀ ಹೋಬಳಿಯವರು. ನಿಜವನ್ನು ಕೇಳಿದವರಿಗೆ ಅದು ಅರ್ಥವೇ ಆಗಲಿಲ್ಲ. ಅಪ್ಪನಿಗೂ ಅದು ಹೊಳೆದಿರಬೇಕು.

ಬಸ್ ನಿಲ್ದಾಣದವರೆಗೆ ಜೊತೆಗೆ ಹೋದೆ. ಪಾಂಡವಪುರದ ಮೇಲೆ ಹೋಗುವ ಬಸ್ಸು ಇನ್ನೂ ಬಂದಿರಲಿಲ್ಲ.

"ಅವಕ್ಕೇನೂ ಗೊತ್ತಿರ್ನಿಲ್ವಾ?" ಎಂದರು, ನನ್ನನ್ನು ನೋಡದೆ.

"ಇಲ್ಲಪ್ಪ. ಹೊಸೋರು."

"ನಮ್ಮೂರ್ನಲ್ಲೇ ಏಳ್ಬೇಕಿತ್ತು. ಎಷ್ಟೋ ಸಲ ಅನ್ಕಂಡೆ. ಡೇರಿತಕೆ ಓಗಿ ನಿಂತ್ಕತೀನಿ, ಬಾಯೇ ಬರಕಿಲ್ಲ."

ಪರವಾಗಿಲ್ಲ ಎನ್ನಬಹುದಿತ್ತು. ಅದು ಸುಳ್ಳಾಗುತ್ತಿತ್ತು. ಬೇಡ, ಹೇಳಬೇಡ ಎನ್ನಬಹುದಿತ್ತು. ಹೇಳಲಿ ಎಂದೇ ನನ್ನ ಮನಸ್ಸಿನಲ್ಲಿತ್ತು. ಇಬ್ಬರೂ ಎದುರಿನ ಗೋಡೆಗೆ ಹಚ್ಚಿದ ಹರಿದ ಪೋಸ್ಟರುಗಳನ್ನು ನೋಡುತ್ತಾ ನಿಂತೆವು. ಬಸ್ಸು ಬಂತು. ಅವರು ಹತ್ತಿ ಕಿಟಕಿಯ ಪಕ್ಕ ಕೂತರು. ನಮ್ಮ ಕಡೆಯವರೊಬ್ಬರು ಒಳಗಿದ್ದರು. ಅಪ್ಪನನ್ನು ಕಂಡು ಜೋರಾಗಿ ಮಾತಾಡಿಸಿದರು. ಅಪ್ಪ ಅವರ ಕಡೆ ತಿರುಗಿದರು.

ಕೋಣೆಗೆ ವಾಪಸು ಬಂದಾಗ ಹುಡುಗಿಯರು ಗುಸುಗುಸು ನಿಲ್ಲಿಸಿದರು. "ಮೇಡಂ, ಏನಾಗಿತ್ತು?" ಎಂದು ಒಬ್ಬಳು ಕೇಳಿದಳು. ಎಲ್ಲಿ ನಿಲ್ಲಿಸಿದ್ದೆವು ಎಂದು ಕೇಳಿ ನಾನು ಪಾಠ ಮುಂದುವರಿಸಿದೆ.

ಅಪ್ಪ ಊರಿನಲ್ಲಿ ಕೊನೆಗೂ ಅದನ್ನು ಹೇಳಲಿಲ್ಲ. ಮುಂದಿನ ಚುನಾವಣೆಗೆ ಬೂತಿನಲ್ಲಿ ಕೂರಲು ಮಾತ್ರ ಒಪ್ಪಲಿಲ್ಲ, ಕಾರಣವನ್ನೂ ಕೊಡಲಿಲ್ಲ. ನಮ್ಮೂರಿನಲ್ಲಿ ಈಗಲೂ ಕೆಲವರು ಎದುರಾದರೆ, ಏನವ್ವ, ಈಗಲೂ ತಪ್ಪು ಒತ್ತುತ್ತೀಯಾ ಎಂದು ಪ್ರೀತಿಯಿಂದಲೇ ಕೇಳುತ್ತಾರೆ. ಹೌದು ಎನ್ನುವುದೇ ಸುಲಭ.

ಅಪ್ಪ ಸೆಂಟರಿಗೆ ಬಂದುಹೋದ ದಿನ ಸಂಜೆ ನಾನು ಮನೆ ಮುಟ್ಟಿದಾಗ ಅವರು ಜಗಲಿಯಲ್ಲಿ ಹಗ್ಗ ಹೊಸೆಯುತ್ತಿದ್ದರು. ನಾನು ಚಪ್ಪಲಿ ಬಿಡುವುದನ್ನು ನೋಡುತ್ತಿದ್ದು, ಅವ್ವನನ್ನು ಕರೆಯದೆ, "ಸೀಟ್ ಸಿಕ್ತಾ?" ಎಂದು ನನ್ನನ್ನೇ ಕೇಳಿದರು.

"ಪಾಂಡವಪುರದವರೆಗೂ ನಿಂತ್ಕೊಂಡೇ ಬಂದೆ," ಎಂದೆ.

"ಊಂ," ಎಂದರು. ಹಗ್ಗದ ಇನ್ನೊಂದು ತುದಿಯನ್ನು ನನ್ನ ಕಡೆ ಚಾಚಿದರು. ನಾನು ಬ್ಯಾಗನ್ನು ಕೆಳಗಿಟ್ಟು ಹಿಡಿದುಕೊಂಡೆ.